ಕಾರವಾರದ ಸೆಕೆಗೆ ಹಕ್ಕಿಗಳು ಬಾಯಿ ತೆರೆದು ಕೂತಿವೆ, ಏನು ಮಾಡೋಣ?

ಕೋಡಿಬಾಗದವ:
ಹಿತ್ತಲಲ್ಲಿ ಒಂದು ಏವಿಯರಿ (ಹಕ್ಕಿ ಸಾಕುವ ದೊಡ್ಡ ಜಾಲರಿ ಗೂಡು) ಕಟ್ಟಿದ್ದೇನೆ. 10 ಅಡಿ ಉದ್ದ, 6 ಅಡಿ ಅಗಲ, ಮೇಲೆ ತಗಡು. ಒಳಗೆ 14 ಬಡ್ಜಿ (ಪುಟ್ಟ ಗಿಳಿ, ನಮ್ಮ ಕಡೆ ಎಲ್ಲರೂ ಲವ್ ಬರ್ಡ್ಸ್ ಅಂತಲೇ ಕರೆಯೋದು, ಇರಲಿ), 4 ಕಾಕಟೀಲ್ (ಜುಟ್ಟಿನ ಗಿಳಿ), ಒಂದಷ್ಟು ಫಿಂಚ್ (ಕಾಳು ತಿನ್ನುವ ಪುಟಾಣಿ ಹಕ್ಕಿ). ನಿನ್ನೆ ಮಧ್ಯಾಹ್ನ ಎರಡೂವರೆಗೆ ಹೋಗಿ ನೋಡಿದರೆ ಎಲ್ಲವೂ ರೆಕ್ಕೆಯನ್ನು ಮೈಯಿಂದ ದೂರ ಹಿಡಿದು, ಬಾಯಿ ತೆರೆದು, ಗಂಟಲು ಪಟಪಟ ಆಡಿಸುತ್ತಾ ಕೂತಿವೆ. ಒಂದು ಕಾಕಟೀಲ್ ನೆಲಕ್ಕೇ ಇಳಿದುಬಿಟ್ಟಿತ್ತು. ಅದನ್ನು ಹಾಲ್‌ಗೆ ತಂದು ಫ್ಯಾನ್ ಹಾಕಿದ ಮೇಲೆ ಸುಧಾರಿಸಿತು.

ವಿಡಿಯೋ ನೋಡಿ ಗೋಣಿಚೀಲ ಒದ್ದೆ ಮಾಡಿ ನಾಲ್ಕೂ ಕಡೆ ಕಟ್ಟಿದೆ, ಒಳಗೆ ನೀರು ಸಿಂಪಡಿಸುವ ಪೈಪೂ ಹಾಕಿದೆ. ಈಗ ಒಳಗೆ ಕಾಲಿಟ್ಟರೆ ಇಡ್ಲಿ ಪಾತ್ರೆಯೊಳಗೆ ಹೋದ ಹಾಗೆ. ಎಲ್ಲಿ ತಪ್ಪಿದೆ?

ಸೋಗೆಮನೆ, ಶಿರಸಿ:
ಬಿಸಿ ಬರುತ್ತಿರೋದು ಮೇಲಿಂದ, ನೀವು ಪಕ್ಕ ಒದ್ದೆ ಮಾಡ್ತಾ ಇದ್ದೀರಲ್ಲ ಮಾರಾಯ್ರೆ. ಮೊದಲು ತಗಡು ನೋಡಿ. ನಾನು ತಗಡಿನ ಮೇಲೆ ಅಡಿಕೆ ದಬ್ಬೆಯ ಅಟ್ಟ ಕಟ್ಟಿ ಅದಕ್ಕೆ ಸೋಗೆ (ಅಡಿಕೆಯ ಗರಿ) ಹೊದೆಸಿದ್ದೇನೆ. ಸೋಗೆಗೂ ತಗಡಿಗೂ ನಡುವೆ ಒಂದು ಗೇಣಾದರೂ ಸಂದು ಬೇಕು, ಅಲ್ಲಿ ಗಾಳಿ ಓಡಾಡಿದರೇನೇ ಬಿಸಿ ಕೆಳಗೆ ಇಳಿಯೋದಿಲ್ಲ. ನಿಮ್ಮಲ್ಲಿ ಸೋಗೆ ಇಲ್ಲದಿದ್ದರೆ ತೆಂಗಿನ ಮಡಲು ಹೆಣೆದು ಹಾಕಿ, ಅದೂ ಆಗದಿದ್ದರೆ ಶೇಡ್ ನೆಟ್.

ಮರಿ ಮಾಡಿಸುವ ಮಡಕೆ ಖಾಲಿ ಇದ್ದರೆ ಮಳೆ ಹಿಡಿಯುವವರೆಗೆ ಇಳಿಸಿಬಿಡಿ. ಆ ಮಡಕೆಯೊಳಗೆ ಐದಾರು ಮರಿ ಒತ್ತಿಕೊಂಡು ಕೂತರೆ ಬೇಯುತ್ತವೆ ಅಷ್ಟೇ. ಒದ್ದೆ ಗೋಣಿ ಮಾತ್ರ ನಮಗೆ ಏಪ್ರಿಲ್‌ನಲ್ಲಿ ಚೆನ್ನಾಗೇ ಕೆಲಸ ಮಾಡುತ್ತೆ, ನಿಮಗ್ಯಾಕೆ ಆಗಲಿಲ್ಲವೋ.

ಅಂಕೋಲೆ ಅಕ್ಕ:
ಶಿರಸಿ ಅಣ್ಣಾ, ಘಟ್ಟದ ಮೇಲಿನ ಲೆಕ್ಕ ಕೆಳಗೆ ನಡೆಯಲ್ಲ. ಗೋಣಿ ತಂಪು ಕೊಡೋದು ಅದರ ನೀರು ಆರುವಾಗ. ಇಲ್ಲಿ ಆರಬೇಕಲ್ಲ! ತಮ್ಮಾ, ನಾಳೆ ಮಧ್ಯಾಹ್ನ ಒಂದು ಟವೆಲ್ ಹಿಂಡಿ ನೆರಳಿಗೆ ಹಾಕು. ಬೇಗ ಆರಿದರೆ ಗೋಣಿ ಕಟ್ಟು, ಸಂಜೆಯಾದರೂ ತಣ್ಣಗೆ ಅಂಟುತ್ತಾ ಇದ್ದರೆ ಬಿಚ್ಚಿ ಎಸೆ.

ಹಕ್ಕಿಗೆ ಬೆವರುವ ಗ್ರಂಥಿಯೇ ಇಲ್ಲ. ಬಾಯಿ ತೆರೆದು, ಗಂಟಲು ಆಡಿಸಿ, ಒಳಗಿನ ತೇವ ಆರಿಸಿಕೊಂಡೇ ಮೈ ತಂಪು ಮಾಡಿಕೊಳ್ಳಬೇಕು. ಸುತ್ತಲಿನ ಗಾಳಿಯೇ ಒದ್ದೆಯಾಗಿದ್ದರೆ ಅದೂ ಆಗಲ್ಲ. ನೀನು ಒಳಗೆ ನೀರು ಸಿಂಪಡಿಸಿ ಅದನ್ನೇ ಜಾಸ್ತಿ ಮಾಡಿದ್ದೀಯ. ಬಡ್ಜಿ, ಕಾಕಟೀಲ್ ಎರಡೂ ಆಸ್ಟ್ರೇಲಿಯಾದ ಒಣ ಬಯಲಿನವು. ಒಣ ಬಿಸಿಲು ತಡೆಯುತ್ತವೆ, ನಮ್ಮ ಜಿಗುಟು ಸೆಕೆ ಕಷ್ಟ. ಹವಾಮಾನ ಇಲಾಖೆಯವರೂ ಬಯಲುಸೀಮೆಯಲ್ಲಿ 40 ಡಿಗ್ರಿ ಮುಟ್ಟದೆ ಬಿಸಿಗಾಳಿ ಅನ್ನಲ್ಲ, ಕರಾವಳಿಗೆ ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಏರಿ 37 ಆದರೆ ಸಾಕು.

ನಮಗೆ ಇರೋದು ಗಾಳಿ ಒಂದೇ. ಹೊತ್ತೇರಿದ ಮೇಲೆ ಪಡುವಣದಿಂದ ಸಮುದ್ರದ ಗಾಳಿ ಬರುತ್ತಲ್ಲ, ಗೋಣಿ ಕಟ್ಟಿ ಅದನ್ನೇ ತಡೆದು ಕೂತಿದ್ದೀಯ. ತೊಂದರೆ ಏನಂದ್ರೆ ಗಾಳಿ ಬರುವ ಕಡೆಯಿಂದಲೇ ಇಳಿಬಿಸಿಲೂ ಬರುತ್ತೆ. ಅದಕ್ಕೆ ನಾನು ಪಶ್ಚಿಮಕ್ಕೆ ಶೇಡ್ ನೆಟ್ಟನ್ನು ಜಾಲರಿಗೆ ತಾಗಿಸದೆ ಮೂರ್ನಾಲ್ಕು ಅಡಿ ಹೊರಗೆ, ಚಪ್ಪರದ ಹಾಗೆ ಇಳಿಜಾರಾಗಿ ಕಟ್ಟಿದೆ. ಬಿಸಿಲು ನಿಲ್ಲುತ್ತೆ, ಕೆಳಗಿಂದ ಗಾಳಿ ನುಗ್ಗುತ್ತೆ. ಗಾಳಿ ನಿಂತ ದಿನ ಟೇಬಲ್ ಫ್ಯಾನ್. ಜಾಲರಿಯ ಹೊರಗೆ ಇಡು, ಅರ್ಧ ಏವಿಯರಿಗೆ ಮಾತ್ರ ಗಾಳಿ ತಾಗಲಿ. ಬೇಡವಾದ ಹಕ್ಕಿ ಇನ್ನರ್ಧಕ್ಕೆ ಹೋಗುತ್ತೆ.

ನೀರು ಹಾಕಲೇಬೇಕು ಅಂದ್ರೆ ತಗಡಿನ ಮೇಲೆ ಹಾಕು. ಕಾದ ತಗಡು ಇಲ್ಲೂ ನೀರು ಆರಿಸುತ್ತೆ. ಆದರೆ ಮೇ ತಿಂಗಳಲ್ಲಿ ಬಾವಿ ನೀರಿಗೇ ತತ್ವಾರ, ಅದಕ್ಕಿಂತ ಸುಣ್ಣಕ್ಕೆ ಒಂದಿಷ್ಟು ಫೆವಿಕಾಲ್ ಕಲಸಿ ಎರಡು ಕೈ ಬಳಿ.

ಕುಮಟಾ ಕಾಕಟೀಲ್:
ಅಕ್ಕ ಹೇಳಿದ್ದು ಸರಿ. ನಾನು ಇನ್ನೊಂದು ಹೇಳ್ತೇನೆ, ನನಗೆ ದುಬಾರಿ ಬಿದ್ದ ಪಾಠ. ಹೋದ ವರ್ಷ ಒಂದು ಹಕ್ಕಿ ಬಿದ್ದಾಗ ಗಾಬರಿಯಲ್ಲಿ ಫ್ರಿಜ್ ನೀರಲ್ಲಿ ಅದ್ದಿಬಿಟ್ಟೆ. ಕೈಯಲ್ಲೇ ಸೆಟೆದುಕೊಂಡಿತು. ಐಸು, ಫ್ರಿಜ್ ನೀರು ಬೇಡವೇ ಬೇಡ. ಮಡಕೆ ನೀರಲ್ಲಿ ಹತ್ತಿ ಅದ್ದಿ ಕಾಲು, ಪಾದ, ರೆಕ್ಕೆಯ ಅಡಿ ಒರೆಸಿ. ಬಾಯಿಗೆ ನೀರು ಹಿಂಡಬೇಡಿ, ಉಸಿರಿಗೆ ಹೋಗುತ್ತೆ. ಕೊಕ್ಕಿನ ಅಂಚಿಗೆ ಹನಿ ತಾಗಿಸಿ, ಅದೇ ನೆಕ್ಕಲಿ. ಅಷ್ಟಕ್ಕೂ ತಲೆ ಎತ್ತದಿದ್ದರೆ ಪಶುವೈದ್ಯರ ಹತ್ತಿರ ಓಡಿ.

ಕುಡಿಯುವ ನೀರು ದಿನಕ್ಕೆ ಮೂರು ಸಲ ಬದಲಿಸಿ, ಮಣ್ಣಿನ ಬೋಗುಣಿ ಒಳ್ಳೆಯದು. ನೆನೆಸಿದ ನವಣೆ ಎರಡು ತಾಸಿಗಿಂತ ಜಾಸ್ತಿ ಇಡಬೇಡಿ, ಹುಳಿ ಬರುತ್ತೆ. ಸೌತೆಕಾಯಿ, ಕಲ್ಲಂಗಡಿ ಕೊಡಿ. ಜ್ಯೂಸ್ ಮಾಡಿ ಉಳಿದ ಬೆಣ್ಣೆಹಣ್ಣು ಮಾತ್ರ ಚೂರೂ ಹಾಕಬೇಡಿ, ಹಕ್ಕಿಗೆ ಅದು ವಿಷ.

ಕೋಡಿಬಾಗದವ:
ಟವೆಲ್ ಪರೀಕ್ಷೆ ಮಾಡಿದೆ ಅಕ್ಕಾ. ಮಧ್ಯಾಹ್ನ ಒಂದಕ್ಕೆ ಹಾಕಿದ್ದು ಐದಕ್ಕೂ ಹಸಿ. ಗೋಣಿ ಬಿಚ್ಚಿದೆ, ಒಳಬದಿಗೆ ಆಗಲೇ ಬೂಸ್ಟು ಹಿಡಿದಿತ್ತು, ವಾಸನೆ ಬೇರೆ. ಪಶ್ಚಿಮಕ್ಕೆ ನೆಟ್ ಕಟ್ಟಿ, ತಗಡಿಗೆ ಪಕ್ಕದ ಮನೆಯವರ ಮಡಲು ತಂದು ಹೊದೆಸಿದೆ. ಇವತ್ತು ಎರಡೂವರೆಗೆ ಬಾಯಿ ತೆರೆದಿದ್ದು ಮೂರೇ ಹಕ್ಕಿ, ಉಳಿದವು ಫ್ಯಾನ್ ಎದುರಿನ ಕೋಲಿಗೆ ಜಗಳ. ಆದರೆ ಮಡಲಿನ ಸಂದಿಗೆ ಇಲಿ, ಅದರ ಹಿಂದೆ ಕೇರೆ ಹಾವು ಬರುತ್ತೆ ಅಂತ ಅಮ್ಮ ಹೆದರಿಸ್ತಿದ್ದಾರೆ.

ಅಂಕೋಲೆ ಅಕ್ಕ:
ಅಮ್ಮ ಸುಮ್ನೆ ಹೆದರಿಸ್ತಿಲ್ಲ. ನಿನ್ನ ಜಾಲರಿ ಕಣ್ಣು ಎಷ್ಟು? ಅರ್ಧ ಇಂಚಿಗಿಂತ ದೊಡ್ಡದಿದ್ದರೆ ಇವತ್ತೇ ಬದಲಿಸು. ತಗಡು ಗೋಡೆಗೆ ಸೇರುವ ಜಾಗ ಕೈಯಾಡಿಸಿ ನೋಡು, ನಮ್ಮಲ್ಲಿ ಹಾವು ಹೊಕ್ಕಿದ್ದು ಅಲ್ಲಿಂದಲೇ.