ಅಪ್‌ಡೇಟ್: ವಿಜಯಪುರದಲ್ಲಿ ಒಬ್ಬಳೇ ಕಳೆಯುವ ಭಾನುವಾರ

ಉಡುಪಿಯಿಂದ ಕೆಲಸಕ್ಕೆ ಬಂದಿದ್ದೇನೆ, ಇಲ್ಲಿ ಯಾರ ಪರಿಚಯವೂ ಇಲ್ಲ, ರಜೆ ದಿನ ಏನು ಮಾಡಲಿ ಅಂತ ಹತ್ತು ದಿನದ ಹಿಂದೆ ಕೇಳಿದ್ದೆ ಅಲ್ವಾ?

ಗೋಳಗುಮ್ಮಟಕ್ಕೆ ಹನ್ನೊಂದು ಗಂಟೆಗೆ ಹೋದೆ. ಮೇಲೆ ಪಿಸುಮಾತಿನ ಗ್ಯಾಲರಿ ತುಂಬ ಟ್ರಿಪ್‌ಗೆ ಬಂದ ಮಕ್ಕಳ ಕೂಗು, ನೆಮ್ಮದಿ ಸಿಗಲಿಲ್ಲ. ಬೆಳಿಗ್ಗೆ ಬೇಗ ಹೋಗಬೇಕಿತ್ತು.

ನಿಜಕ್ಕೂ ಉಪಯೋಗಕ್ಕೆ ಬಂದದ್ದು "ಗಾಡಿ ಬಿಟ್ಟು ಸುಮ್ನೆ ಓಣಿ ಓಣಿ ನಡೀರಿ" ಅಂದವರ ಮಾತು. ತುಂಬಾ ಥ್ಯಾಂಕ್ಸ್! ಹಾಗೆ ನಡೆಯುತ್ತಲೇ 1584ರ ಕಾವಲು ಗೋಪುರ ಉಪಲಿ ಬುರುಜ್ ಸಿಕ್ಕಿತು. ಕಲ್ಲಿನ ಮೆಟ್ಟಿಲುಗಳು ಹೊರಗಿನಿಂದಲೇ ಬುರುಜನ್ನು ಸುತ್ತಿಕೊಂಡು ಮೇಲೆ ಹೋಗುತ್ತವೆ, ಮೇಲೆ ಉದ್ದನೆಯ ಫಿರಂಗಿಗಳು, ಗಾಳಿ, ಕೆಳಗೆ ಇಡೀ ಊರು. ಒಂದು ತಾಸು ಫೋನ್ ಮುಟ್ಟಲೇ ಇಲ್ಲ.

ಖಾನಾವಳಿಗೆ ಒಬ್ಬಳೇ ಹೋಗಲು ಮುಜುಗರ ಅಂದಿದ್ದೆ. ಅಲ್ಲಿನ ಅಕ್ಕ "ಒಬ್ಬಾಕಿನೇ ಬಂದೀಯೇನ ತಂಗಿ?" ಅಂತ ಕೇಳಿ, ಬಿಸಿ ರೊಟ್ಟಿ ಮೇಲೆ ಶೇಂಗಾ ಚಟ್ನಿ, ಕೆನೆಮೊಸರು ಹಾಕಿದರು. ಈ ಭಾನುವಾರ ಆದಿಲ್‌ಶಾಹಿ ಸುಲ್ತಾನನ ಸಮಾಧಿ ಇಬ್ರಾಹಿಂ ರೋಜಾಕ್ಕೆ, ಬೆಳಿಗ್ಗೆಯೇ.