ಪುಸ್ತಕಗಳನ್ನೆಲ್ಲ ಸುಟ್ಟಿದ್ದರೆ ಆಸ್ಟೆಕ್ ಜನರ ಬಗ್ಗೆ ಇಷ್ಟೊಂದು ಗೊತ್ತಾಗಿದ್ದು ಹೇಗೆ?

ಕುತೂಹಲಿ:

ಈಚೆಗೆ ಮೆಕ್ಸಿಕೋದ ಆಸ್ಟೆಕ್ ಜನರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ಒಂದು ವಿಷಯ ಮಾತ್ರ ತಲೆಗೆ ಹತ್ತುತ್ತಿಲ್ಲ. 1521ರಲ್ಲಿ ಅವರ ರಾಜಧಾನಿ ಟೆನೊಚ್ಟಿಟ್ಲಾನ್ ಸ್ಪೇನಿನವರ ಕೈಗೆ ಬಿತ್ತು, ಆಮೇಲೆ ಪಾದ್ರಿಗಳು ಅವರ ಚಿತ್ರಲಿಪಿಯ ಪುಸ್ತಕಗಳನ್ನು ಗುಡ್ಡೆ ಹಾಕಿ ಸುಟ್ಟರು ಅಂತ ಎಲ್ಲ ಕಡೆ ಬರೆದಿರುತ್ತದೆ. ಅದೇ ಲೇಖನದಲ್ಲಿ ಎರಡು ಪ್ಯಾರಾ ಕೆಳಗೆ ಬಂದರೆ, ಯಾವ ಊರಿಂದ ಎಷ್ಟು ಕಪ್ಪ ಬರುತ್ತಿತ್ತು, ಯಾವ ವಯಸ್ಸಿನ ಮಗುವಿಗೆ ಎಷ್ಟು ರೊಟ್ಟಿ ಕೊಡುತ್ತಿದ್ದರು ಅಂತ ಲೆಕ್ಕ! ಎಲ್ಲ ಸುಟ್ಟಮೇಲೆ ಇದೆಲ್ಲ ಎಲ್ಲಿಂದ ಬಂತು? ಸ್ಪೇನಿನವರು ಸುಮ್ನೆ ಊಹೆ ಮಾಡಿ ಬರೆದಿದ್ದಾ? ಗೊತ್ತಿದ್ದವರು ಬಿಡಿಸಿ ಹೇಳಿ.

ಮಿಂಚುಳ್ಳಿ:

ಮೊದಲು ಒಂದು ಕಲಸುಮೇಲೋಗರ ಬಿಡಿಸೋಣ. ಪುಸ್ತಕ ಸುಟ್ಟ ಕಥೆ ಬಂದಾಗಲೆಲ್ಲ ಡಿಯೇಗೊ ದೆ ಲಾಂಡಾ ಎಂಬ ಪಾದ್ರಿಯ ಹೆಸರು ಬರುತ್ತದೆ. ಅದು ನಡೆದದ್ದು 1562ರಲ್ಲಿ, ಮೆಕ್ಸಿಕೋದ ಆಗ್ನೇಯ ತುದಿಯ ಯುಕಟಾನಿನ ಮನಿ ಎಂಬ ಊರಲ್ಲಿ. ಸುಟ್ಟದ್ದು ಮಾಯಾ ಜನರ ಪುಸ್ತಕಗಳನ್ನು. ಆಸ್ಟೆಕರು ನಹುವಾಟ್ಲ್ ಎಂಬ ಭಾಷೆ ಮಾತಾಡುವ ಜನ (ಆ ಭಾಷೆಯವರನ್ನೆಲ್ಲ ನಹುವಾ ಅನ್ನುತ್ತಾರೆ), ಅವರ ನಾಡು ಮಧ್ಯ ಮೆಕ್ಸಿಕೋ. ಅಲ್ಲೂ ಸುಟ್ಟರು, ಇಲ್ಲ ಅಂತಲ್ಲ. ಆದರೆ ಎರಡನ್ನೂ ಒಂದೇ ಬುಟ್ಟಿಗೆ ಹಾಕಬೇಡಿ.

ಇನ್ನೊಂದು ಮಾತು. ಸ್ಪೇನಿನವರು ಬರುವುದಕ್ಕೆ ಸುಮಾರು ನೂರು ವರ್ಷ ಮೊದಲೇ ಟೆನೊಚ್ಟಿಟ್ಲಾನಿನ ದೊರೆ ಇಟ್ಸ್‌ಕೋವಾಟ್ಲ್ ಹಳೇ ಇತಿಹಾಸದ ಪುಸ್ತಕಗಳನ್ನು ಸುಡಿಸಿದ ಅಂತ ನಹುವಾ ಹಿರಿಯರೇ ಹೇಳಿ ಬರೆಸಿದ್ದಾರೆ. ಜನಸಾಮಾನ್ಯರಿಗೆ ಅದೆಲ್ಲ ಗೊತ್ತಾಗುವುದು ಬೇಡ ಅನ್ನೋದು ಅವನ ನೆಪ.

ಅಳತೆಗೋಲು:

ಭೂಮಾಪನದ ಕೆಲಸದಲ್ಲಿ ಚೈನು ಎಳೆದು ತಲೆ ನೆರೆತವನು ನಾನು. ನನಗೆ ಇದರಲ್ಲಿ ಆಶ್ಚರ್ಯ ಏನೂ ಕಾಣುವುದಿಲ್ಲ. ಪಾದ್ರಿಗಳ ಕಣ್ಣು ಕೆಂಪಾಗಿದ್ದು ದೇವರು, ಪಂಚಾಂಗ, ಶಕುನದ ಪುಸ್ತಕಗಳ ಮೇಲೆ. ಕಂದಾಯದ ಪುಸ್ತಕವನ್ನು ಯಾವ ಸರ್ಕಾರ ಸುಡುತ್ತದೆ ಹೇಳಿ? ಹೊಸ ದೊರೆಗೂ ಯಾವ ಊರಿಂದ ಎಷ್ಟು ವಸೂಲಿ ಅಂತ ಗೊತ್ತಾಗಬೇಕಲ್ವಾ?

ಮೆಂಡೋಸಾ ಕೋಡೆಕ್ಸ್ ನೋಡಿ (ಕೋಡೆಕ್ಸ್ ಅಂದರೆ ಕೈಯಲ್ಲಿ ಬರೆದ ಹಳೇ ಪುಸ್ತಕ). 1540ರ ದಶಕದ ಆರಂಭದಲ್ಲಿ ನಹುವಾ ಚಿತ್ರಕಾರರು ಬರೆದದ್ದು, ಪಕ್ಕದಲ್ಲಿ ಸ್ಪ್ಯಾನಿಷ್ ವಿವರಣೆ ಇದೆ. ಈಗ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ. ಅದರ ನಡುವಿನ ಭಾಗ ಪೂರ್ತಿ ಕಪ್ಪದ ಪಟ್ಟಿ. ವಸ್ತುವಿನ ಚಿತ್ರ, ಅದರ ಮೇಲೊಂದು ಗುರುತು: ಬಾವುಟ ಅಂದರೆ 20, ಗರಿಯಂಥದ್ದು 400, ಚೀಲ ಅಂದರೆ 8000. ಶೊಕೊನೊಚ್ಕೊ ಪ್ರಾಂತ್ಯದ ಪುಟದಲ್ಲಿ 40 ಜಾಗ್ವಾರ್ ಚರ್ಮ, 200 ಹೊರೆ ಕಕಾವೋ ಬೀಜ. ನೀವು ಹೇಳಿದ ರೊಟ್ಟಿ ಲೆಕ್ಕವೂ ಇದರ ಕೊನೇ ಭಾಗದ್ದೇ. ಮಗುವಿನ ಪಕ್ಕ ಚುಕ್ಕಿ, ಒಂದು ಚುಕ್ಕಿಗೆ ಒಂದು ವರ್ಷ. 3 ವರ್ಷಕ್ಕೆ ಅರ್ಧ ರೊಟ್ಟಿ, 4ಕ್ಕೆ ಒಂದು, 6ಕ್ಕೆ ಒಂದೂವರೆ, 13ಕ್ಕೆ ಎರಡು. 11 ವರ್ಷದ ಹುಡುಗ ಹೇಳಿದ ಮಾತು ಕೇಳದಿದ್ದರೆ ಅಪ್ಪ ಅವನನ್ನು ಮೆಣಸಿನಕಾಯಿ ಹೊಗೆಗೆ ಹಿಡಿಯುತ್ತಾನೆ. ಹುಡುಗನ ಕಣ್ಣೀರು ಕೂಡ ಬರೆದಿದ್ದಾರೆ.

ಆದರೆ ನನಗೆ ಹುಚ್ಚು ಹಿಡಿಸಿದ್ದು ಇದಲ್ಲ. ಟೆಸ್ಕೊಕೊ ಹತ್ತಿರ ಟೆಪೆಟ್ಲಾಓಸ್ಟೊಕ್ ಅಂತ ಒಂದು ಊರು. ಆ ಸೀಮೆಯ ಜಮೀನು ದಾಖಲೆಗಳು ಎರಡು ಉಳಿದಿವೆ, ಎರಡೂ 1540ರ ಸುಮಾರಿನವು. ಒಂದಕ್ಕೆ ವೆರ್ಗಾರಾ ಕೋಡೆಕ್ಸ್ ಅಂತ ಹೆಸರು, ಪ್ಯಾರಿಸ್‌ನಲ್ಲಿದೆ. ಇನ್ನೊಂದು ಸಾಂತಾ ಮರಿಯಾ ಅಸುನ್ಸಿಯೋನ್ ಕೋಡೆಕ್ಸ್, ಮೆಕ್ಸಿಕೋದಲ್ಲೇ ಇದೆ. ಮೊದಲು ಮನೆಮನೆಯ ಜನಗಣತಿ: ಮನೆಯ ಗುರುತು, ಯಜಮಾನ, ಹೆಂಡತಿ, ಮಕ್ಕಳು. ಬರೀ ತಲೆಗಳನ್ನು ಬರೆದು ಗೆರೆಯಿಂದ ಜೋಡಿಸಿದ್ದಾರೆ. ಆಮೇಲೆ ಅದೇ ಮನೆಯವರ ಒಂದೊಂದು ಹೊಲ, ನಾಲ್ಕೂ ಬದಿಯ ಅಳತೆ ಸಮೇತ. ಅಳತೆಕೋಲು ಸುಮಾರು ಎರಡೂವರೆ ಮೀಟರ್. ಒಂದು ಗೆರೆ ಅಂದರೆ ಒಂದು ಕೋಲು, ಚುಕ್ಕಿ ಅಂದರೆ 20 ಕೋಲು. ಕೋಲು ಪೂರ್ತಿ ಆಗದೆ ಚೂರು ಉಳಿದರೆ? ಅದಕ್ಕೂ ಗುರುತಿದೆ. ಬಾಣ, ಕೈ, ಹೃದಯ, ಮೂಳೆ!

ಇಷ್ಟಕ್ಕೇ ಬಿಟ್ಟಿಲ್ಲ. ಅದೇ ಹೊಲಗಳನ್ನು ಇನ್ನೊಂದು ಭಾಗದಲ್ಲಿ ಮತ್ತೆ ಬರೆದು, ಮಣ್ಣು ಎಂಥದ್ದು ಅಂತ ಗುರುತು ಹಾಕಿ, ವಿಸ್ತೀರ್ಣ ಬರೆದಿದ್ದಾರೆ. ಹೊಲಗಳು ನಮ್ಮ ಇಷ್ಟಕ್ಕೆ ಚೌಕ ಇರುತ್ತವಾ? ಸೊಟ್ಟ ಹೊಲಕ್ಕೆ ಏನು ಮಾಡಿದರು ಅನ್ನೋದನ್ನು 2008ರಲ್ಲಿ ಇಬ್ಬರು ಸಂಶೋಧಕರು ವೆರ್ಗಾರಾ ಪುಟಗಳಿಂದ ಲೆಕ್ಕ ಹಾಕಿ ತೋರಿಸಿದರು. ಎದುರುಬದುರು ಬದಿಗಳ ಸರಾಸರಿ ತೆಗೆದು ಗುಣಿಸುವುದು ಆ ಕಾಲದ ಅಳತೆಗಾರರು ಬಳಸಿದ ದಾರಿಗಳಲ್ಲೊಂದು. ಇದನ್ನು ಓದಿದಾಗ ನಾನು ಕೂತಲ್ಲೇ ನಕ್ಕುಬಿಟ್ಟೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮಗೆ ಹಿರಿಯರು ಹೇಳಿಕೊಟ್ಟಿದ್ದೂ ಅದನ್ನೇ. ನರಬಲಿಯ ಬಗ್ಗೆ ಪುಟಗಟ್ಟಲೆ ಬರೆಯುವವರು ಇದಕ್ಕೆ ಒಂದು ಸಾಲೂ ಕೊಡುವುದಿಲ್ಲ ಅನ್ನೋದೇ ನನ್ನ ಸಿಟ್ಟು.

ಚಿತ್ರದ ಕಡತಕ್ಕೆ ಸ್ಪೇನಿನ ಕೋರ್ಟಿನಲ್ಲೂ ಬೆಲೆ ಇತ್ತು. 1531ರಲ್ಲಿ ವೆಹೊಟ್ಸಿಂಗೊ ಊರಿನವರು ಸ್ಪೇನಿನ ಅಧಿಕಾರಿಗಳು ತಮ್ಮಿಂದ ಅತಿಯಾಗಿ ಕಪ್ಪ ಕಿತ್ತುಕೊಂಡರು ಅಂತ ಎಂಟು ಹಾಳೆ ಚಿತ್ರಗಳನ್ನು ಸಾಕ್ಷಿಯಾಗಿ ಕೊಟ್ಟರು. ಕೊಟ್ಟ ಸಾಮಾನುಗಳ ಪಟ್ಟಿಯಲ್ಲಿ ಚಿನ್ನ ಮತ್ತು ಗರಿಗಳಿಂದ ಮಾಡಿದ ಒಂದು ಧ್ವಜ ಇದೆ, ಅದರ ಮೇಲೆ ಮೇರಿ ಮತ್ತು ಬಾಲಯೇಸು. 1538ರಲ್ಲಿ ಕಪ್ಪದ ಮೂರರಲ್ಲಿ ಎರಡು ಪಾಲು ವಾಪಸ್ ಕೊಡಿ ಅಂತ ರಾಜನ ಆದೇಶವಾಯಿತು.

ಕುತೂಹಲಿ:

ಅಳತೆಗೋಲು ಸರ್, ಅದ್ಭುತ. ಬಾಣ, ಹೃದಯದ ಲೆಕ್ಕ ಗೊತ್ತೇ ಇರಲಿಲ್ಲ. ಇನ್ನೊಂದು ಡೌಟು. ಲೆಕ್ಕ ಸರಿ, ಆದರೆ ಯುದ್ಧ ಹೇಗೆ ನಡೆಯಿತು, ಜನ ಏನು ಮಾತಾಡಿಕೊಂಡರು ಅನ್ನೋದೂ ಸಿಗುತ್ತದಲ್ಲ. ಅದು ಚಿತ್ರದಿಂದ ಆಗುವ ಮಾತಲ್ಲ ಅಲ್ವಾ?

ಹಳೇಕಡತ:

ಅಕ್ಷರ ಕಲಿತು ಅವರೇ ಬರೆದರು! 1536ರಲ್ಲಿ ಟ್ಲಾಟೆಲೋಲ್ಕೊದಲ್ಲಿ ನಹುವಾ ಹುಡುಗರಿಗೆ ಲ್ಯಾಟಿನ್ ಕಲಿಸುವ ಕಾಲೇಜು ಶುರುವಾಯಿತು. ಅಲ್ಲಿ ಓದಿದ ಆಂಟೋನಿಯೋ ವಲೆರಿಯಾನೋ ಮುಂತಾದವರು ಸಹಗೂನ್ ಎಂಬ ಪಾದ್ರಿಯ ಜೊತೆ ಸೇರಿ, ಹಿರಿಯರನ್ನು ಕೇಳಿ ಕೇಳಿ 12 ಪುಸ್ತಕ ಮಾಡಿದರು. ಅದೇ ಫ್ಲಾರೆಂಟೈನ್ ಕೋಡೆಕ್ಸ್. ಒಂದು ಕಡೆ ನಹುವಾಟ್ಲ್, ಇನ್ನೊಂದು ಕಡೆ ಸ್ಪ್ಯಾನಿಷ್. ಹೊರಗೆ ಹೆಸರು ಪಾದ್ರಿಯದು, ಒಳಗೆ ಕೆಲಸ ಇವರದು. 1576ರಲ್ಲಿ ದೊಡ್ಡ ಸಾಂಕ್ರಾಮಿಕ ಬಂತು. ಜನ ಸಾಯುತ್ತಿದ್ದಾಗಲೂ ಬರವಣಿಗೆ ನಿಲ್ಲಲಿಲ್ಲ. ಅದರ ಏಟು ಮಾತ್ರ ಪುಟಗಳಲ್ಲಿ ಕಾಣುತ್ತದೆ: ಯುದ್ಧದ ಕಥೆ ಇರುವ 12ನೇ ಪುಸ್ತಕದ ಚಿತ್ರಗಳು ಹೆಚ್ಚಾಗಿ ಬಣ್ಣವೇ ಇಲ್ಲದವು. ಮರುವರ್ಷ ಸ್ಪೇನಿನ ರಾಜ ಎರಡನೇ ಫಿಲಿಪ್ ಸಹಗೂನನ ಬರಹಗಳನ್ನೆಲ್ಲ ಜಪ್ತಿ ಮಾಡಿ ಅಂತ ಅಪ್ಪಣೆ ಮಾಡಿದ.

ಆಮೇಲೂ ನಿಂತಿಲ್ಲ. ಉಯಿಲು, ಜಮೀನು ಮಾರಾಟ, ಊರ ಸಭೆಯ ನಡಾವಳಿ, ಎಲ್ಲ ನಹುವಾಟ್ಲ್‌ನಲ್ಲೇ, 18ನೇ ಶತಮಾನದವರೆಗೂ. ಚಿಮಲ್ಪಾಹಿನ್ ಎಂಬಾತ 1579ರಲ್ಲಿ ಹುಟ್ಟಿದವನು. ಮೆಕ್ಸಿಕೋ ನಗರದಲ್ಲಿ ಕೂತು 1611ರ ಸೂರ್ಯಗ್ರಹಣ, ಅಲ್ಲಿಗೆ ಬಂದಿಳಿದ ಜಪಾನಿಯರು, ಎಲ್ಲವನ್ನೂ ತನ್ನ ಭಾಷೆಯಲ್ಲೇ ಬರೆದಿಟ್ಟ.

ಸೀಬೆಮರ:

ಎಲ್ಲರೂ "ಇತ್ತು", "ಇದ್ದರು" ಅಂತಲೇ ಬರೆಯುತ್ತಿದ್ದೀರಿ. ಸ್ವಲ್ಪ ನಿಲ್ಲಿ. 2020ರ ಜನಗಣತಿ ಪ್ರಕಾರ ಮೆಕ್ಸಿಕೋದಲ್ಲಿ 16 ಲಕ್ಷಕ್ಕಿಂತ ಜಾಸ್ತಿ ಜನ ನಹುವಾಟ್ಲ್ ಮಾತಾಡುತ್ತಾರೆ. ಪುಯೆಬ್ಲಾ, ವೆರಾಕ್ರೂಸ್, ಹಿಡಾಲ್ಗೊ, ಗೆರೆರೊ ಕಡೆ ಹೆಚ್ಚು. 1770ರಲ್ಲಿ ಸ್ಥಳೀಯ ಭಾಷೆಗಳನ್ನೇ ಅಳಿಸಿಹಾಕಿ ಅಂತ ರಾಜಾಜ್ಞೆ ಹೊರಟಿತ್ತು. 1918ರಲ್ಲಿ ಮೆಕ್ಸಿಕೋ ಕ್ರಾಂತಿಯ ರೈತ ನಾಯಕ ಸಪಾಟಾ ತನ್ನ ಕ್ರಾಂತಿಯ ಪ್ರಕಟಣೆಗಳನ್ನು ಹೊರಡಿಸಿದ್ದು ಇದೇ ಭಾಷೆಯಲ್ಲಿ. ಮಿಲ್ಪಾ ಆಲ್ಟಾದ ಲುಸ್ ಹಿಮೆನೆಸ್ ಎಂಬಾಕೆ ಆ ದಿನಗಳನ್ನು ಕಣ್ಣಾರೆ ಕಂಡು ನಹುವಾಟ್ಲ್‌ನಲ್ಲೇ ಹೇಳಿ ಬರೆಸಿದ್ದಾರೆ. ಮೆಕ್ಸಿಕೋದ ಹೆಸರಾಂತ ಚಿತ್ರಕಾರ ಡಿಯೇಗೊ ರಿವೇರಾನ ಚಿತ್ರಗಳಿಗೆ ರೂಪದರ್ಶಿಯಾಗಿದ್ದವರೂ ಅವರೇ.

ಅಳತೆಗೋಲು:

ಸೀಬೆಮರ ಹೇಳಿದ್ದು ಸರಿಯಾದ ಮಾತು, ಒಪ್ಪಿದೆ.

ಕುತೂಹಲಿ, ನೀವು ಓದುವುದು ಬಿಟ್ಟು ಮೊದಲು ಚಿತ್ರ ನೋಡಿ. ಫ್ಲಾರೆಂಟೈನ್ ಕೋಡೆಕ್ಸ್ ಪೂರ್ತಿಯಾಗಿ 2023ರಿಂದ ಗೆಟ್ಟಿ ಸಂಸ್ಥೆಯ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ದೇವರುಗಳ ಮೊದಲ ಪುಸ್ತಕದಿಂದ ಶುರು ಮಾಡಿದರೆ ಹೆಸರುಗಳಲ್ಲೇ ಸಿಕ್ಕಿಹಾಕಿಕೊಳ್ಳುತ್ತೀರಿ. ಕಸುಬುದಾರರೂ ವ್ಯಾಪಾರಿಗಳೂ ಇರುವ 9 ಮತ್ತು 10ನೇ ಪುಸ್ತಕ ಹಿಡಿಯಿರಿ. ಗರಿ ಅಂಟಿಸುವವನು ಮೊದಲು ಯಾವ ಗರಿ, ಆಮೇಲೆ ಯಾವ ಗರಿ ಇಡುತ್ತಾನೆ ಅನ್ನೋದರಿಂದ ಹಿಡಿದು ಎಲ್ಲ ಇದೆ.