ಹಳೇ ಪಿಕಪ್ ಏರಿನಲ್ಲಿ ಎಳೀತಿಲ್ಲ, ಬೆಳಗ್ಗೆ ಮಿಸ್ಸಿಂಗ್ ಬೇರೆ: ಅನುಭವ ಇದ್ದವರು ಹೇಳಿ

ಆಲ್ದೂರಿನಿಂದ, ಕೇಳಿದವರು:
2008ರ ಪಿಕಪ್. ಟರ್ಬೊ ಡೀಸೆಲ್, ನಾಲ್ಕು ಸಿಲಿಂಡರ್, ಹಳೇ ಮೆಕ್ಯಾನಿಕಲ್ ಡೀಸೆಲ್ ಪಂಪ್. ಕಾಫಿ ಮೂಟೆ ಹಾಕಿಕೊಂಡು ಚಿಕ್ಕಮಗಳೂರಿಗೆ ಹೊರಟರೆ ಏರಿನಲ್ಲಿ ಎಳೆಯುವುದೇ ಇಲ್ಲ. ಸ್ವಲ್ಪ ಹೊತ್ತು ಆಫ್ ಮಾಡಿ ಸ್ಟಾರ್ಟ್ ಮಾಡಿದರೆ ಒಂದಷ್ಟು ದೂರ ಚೆನ್ನಾಗಿ ಹೋಗುತ್ತೆ, ಆಮೇಲೆ ಅದೇ ಕಥೆ. ಬೆಳಗ್ಗೆ ಮಿಸ್ಸಿಂಗ್ (ಒಂದು ಸಿಲಿಂಡರ್ ಸರಿಯಾಗಿ ಉರಿಯದೆ ಇಂಜಿನ್ ತಡವರಿಸುತ್ತೆ), ಬಿಳಿ ಹೊಗೆ. ಮೆಕ್ಯಾನಿಕ್ ಪಂಪ್, ನಾಜಲ್ (ಸಿಲಿಂಡರ್‌ಗೆ ಡೀಸೆಲ್ ಸಿಂಪಡಿಸುವ ಭಾಗ) ಎಲ್ಲ ಬಿಚ್ಚಬೇಕು ಅನ್ನುತ್ತಿದ್ದಾರೆ. ಅದಕ್ಕೆ ಮೊದಲು ನಾವೇ ನೋಡಬಹುದಾದದ್ದು ಏನಾದರೂ ಇದೆಯಾ?

ಸಕಲೇಶಪುರದಿಂದ:
ಪಂಪಿಗೆ ಈಗಲೇ ಕೈ ಹಾಕಿಸಬೇಡಿ ಅಣ್ಣ. ಪಂಪ್ ಸವೆದಿದ್ದರೆ ಐದು ನಿಮಿಷ ರೆಸ್ಟ್ ಕೊಟ್ಟ ಮಾತ್ರಕ್ಕೆ ಸಾಮಾನ್ಯವಾಗಿ ಸರಿ ಹೋಗಲ್ಲ. ನಿಮ್ಮದು ಡೀಸೆಲ್ ಸಾಲದ ಲಕ್ಷಣ. ಟ್ಯಾಂಕಿನೊಳಗೆ ಡೀಸೆಲ್ ಎಳೆಯುವ ಪೈಪಿನ ತುದಿಯಲ್ಲಿ ಜಾಲರಿ ಇದ್ದರೆ ಗಾಡಿ ಓಡುವಾಗ ಕಸ ಬಂದು ಅದಕ್ಕೆ ಅಂಟುತ್ತೆ, ಆಫ್ ಮಾಡಿದರೆ ಕೆಳಗೆ ಬೀಳುತ್ತೆ, ಮತ್ತೆ ಓಡುತ್ತೆ. ತೋಟದ ಪಂಪ್‌ಸೆಟ್‌ಗೆ ಅಂತ ಬ್ಯಾರೆಲ್‌ನಲ್ಲಿ ಇಟ್ಟ ಡೀಸೆಲ್ಲನ್ನೇ ಗಾಡಿಗೂ ಹಾಕ್ತೀವಲ್ವಾ, ನಮ್ಮ ಮಳೆಗಾಲಕ್ಕೆ ಅದರಲ್ಲಿ ನೀರು ಸೇರಿ ತಳದಲ್ಲಿ ಕಪ್ಪು ಲೋಳೆ ಕಟ್ಟುತ್ತೆ. ನನ್ನ ಗಾಡಿ ಟ್ಯಾಂಕ್ ಇಳಿಸಿದಾಗ ಕೆಳಗೆ ಗಸಿ ಕಾಫಿ ಥರ ಕೂತಿತ್ತು.

ಪರೀಕ್ಷೆ ಸುಲಭ. ಹತ್ತು ಲೀಟರ್ ಕ್ಯಾನ್ ತಗೊಂಡು ಬಂಕಿನ ಶುದ್ಧ ಡೀಸೆಲ್ ತುಂಬಿಸಿ ಭದ್ರವಾಗಿ ಕಟ್ಟಿ. ಬಿಸಿ ಸೈಲೆನ್ಸರ್ ಹತ್ತಿರ ಇಡಬೇಡಿ. ಎಳೆಯುವ ಪೈಪು, ಉಳಿದ ಡೀಸೆಲ್ ವಾಪಸ್ ಬಿಡುವ ರಿಟರ್ನ್ ಪೈಪು ಎರಡನ್ನೂ ಅದಕ್ಕೇ ಬಿಡಿ, ಪೈಪಿನೊಳಗಿನ ಏರ್ ತೆಗೆದು ಲೋಡ್ ಸಮೇತ ಒಂದು ಏರು ಹತ್ತಿಸಿ. ಜುಮ್ಮಂತ ಹತ್ತಿದರೆ ತೊಂದರೆ ಟ್ಯಾಂಕು ಅಥವಾ ಅಲ್ಲಿಂದ ಬರುವ ಲೈನಿನಲ್ಲಿ. ಅದಕ್ಕೂ ಮುಂಚೆ ಟ್ಯಾಂಕಿನ ಮುಚ್ಚಳ ಲೂಸ್ ಮಾಡಿ ನೋಡಿ. ಬುಸ್ ಅಂತ ಗಾಳಿ ಒಳಗೆ ಎಳೆದುಕೊಂಡರೆ ಗಾಳಿ ತೂತು ಕಟ್ಟಿದೆ ಅಂತ, ಬರೀ ಅಷ್ಟಕ್ಕೇ ಗಾಡಿ ನಿಲ್ಲುವುದೂ ಉಂಟು. ಫಿಲ್ಟರ್ ತಳದ ಸ್ಕ್ರೂ ತೆಗೆದು ಗಾಜಿನ ಲೋಟಕ್ಕೆ ಸ್ವಲ್ಪ ಬಿಡಿ, ನೀರಿದ್ದರೆ ಕೆಳಗೆ ಬೇರೆಯಾಗಿ ನಿಲ್ಲುತ್ತೆ.

ಬೇಲೂರಿನಿಂದ:
ಏರ್ ಲೀಕ್ ಮರೀಬೇಡಿ. ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ (ಟ್ಯಾಂಕಿನಿಂದ ಡೀಸೆಲ್ ಎಳೆಯುವ ಸಣ್ಣ ಪಂಪ್) ಲೀಕ್ ಇದ್ದರೆ ಇಂಜಿನ್ ಓಡುವಾಗ ಹೊರಗೆ ಒಂದು ಹನಿ ಡೀಸೆಲ್ಲೂ ಕಾಣಲ್ಲ, ಗಾಳಿ ಒಳಗೆ ಹೋಗುತ್ತೆ ಅಷ್ಟೆ. ಫೀಡ್ ಪಂಪಿಗೆ ಮುಂಚೆ ಒಂದು ತುಂಡು ಪಾರದರ್ಶಕ ಡೀಸೆಲ್ ಪೈಪ್ ಹಾಕಿ, ಗುಳ್ಳೆ ಬರುತ್ತಾ ನೋಡಿ. ಅಂಗಳ ಇಳಿಜಾರಿದ್ದರೆ ಒಂದು ರಾತ್ರಿ ಮೂತಿ ಕೆಳಗೆ ಮಾಡಿ ನಿಲ್ಲಿಸಿ. ಬೆಳಗ್ಗೆ ಸಲೀಸಾಗಿ ಸ್ಟಾರ್ಟ್ ಆದರೆ, ಇಷ್ಟು ದಿನ ಡೀಸೆಲ್ ರಾತ್ರಿಯೆಲ್ಲ ಟ್ಯಾಂಕಿಗೆ ವಾಪಸ್ ಇಳಿಯುತ್ತಿತ್ತು ಅಂತ ಅರ್ಥ. ಡೀಸೆಲ್ ಪೈಪು ಕೂಡಿಸುವ ಬೋಲ್ಟಿನ ತಾಮ್ರದ ವಾಷರ್ ಹೊಸದು ಹಾಕಿ, ಹಳೇದನ್ನೇ ಬಿಗಿದು ಸಾಯಬೇಡಿ.

ಮೂಡಿಗೆರೆಯಿಂದ:
ಏರಿನಲ್ಲಿ ಹೊಗೆ ಯಾವ ಬಣ್ಣ ಅಂತ ಹೇಳಲೇ ಇಲ್ಲ ಮಾರಾಯ್ರೆ. ಕಪ್ಪು ಹೊಗೆ ಉಗುಳಿದರೆ ಗಾಳಿ ಸಾಲ್ತಿಲ್ಲ. ಟರ್ಬೊದಿಂದ ಇಂಜಿನ್‌ಗೆ ಗಾಳಿ ಒಯ್ಯುವ ಹೋಸ್ ನೋಡಿ. ನಿಂತ ಗಾಡಿಯಲ್ಲಿ ಚೆನ್ನಾಗೇ ಕಾಣುತ್ತೆ, ಪ್ರೆಶರ್ ಬಂದಾಗ ಬಾಯಿ ಬಿಡುತ್ತೆ. ಕ್ಲಿಪ್ ಹತ್ತಿರ ಆಯಿಲ್ ಜಿಡ್ಡು ಇದ್ದರೆ ಅಲ್ಲೇ ಅನುಮಾನ. ಏರ್ ಫಿಲ್ಟರ್ ಡಬ್ಬಿಯಲ್ಲಿ ಇಲಿ ಗೂಡು ಕಟ್ಟಿದ್ದನ್ನೂ ನೋಡಿದ್ದೇನೆ. ಕಪ್ಪು ಹೊಗೆ ಇಲ್ಲ, ಸುಮ್ನೆ ಸುಸ್ತಾಗುತ್ತೆ ಅಂದ್ರೆ ಮೇಲಿನವರು ಹೇಳಿದ್ದೇ ಸರಿ.

ಅರಸೀಕೆರೆಯಿಂದ:
ಇಂಜಿನ್ ರೇಸ್ ಏರಿದರೂ ಗಾಡಿ ಮುಂದೆ ಹೋಗದಿದ್ದರೆ ಕ್ಲಚ್. ಇಂಜಿನ್ ಬಿಚ್ಚಿಸಿದ ಮೇಲೆ ಇದು ಗೊತ್ತಾಗೋದು ಬೇಡ.

ಆಲ್ದೂರಿನಿಂದ, ಕೇಳಿದವರು:
ಕಪ್ಪು ಹೊಗೆ ಇಲ್ಲ, ಕ್ಲಚ್ ಸರಿಯಿದೆ. ಕ್ಯಾನ್ ಕಟ್ಟಿ ಓಡಿಸಿದೆವು, ಲೋಡ್ ಸಮೇತ ಹತ್ತಿತು! ಟ್ಯಾಂಕ್ ಇಳಿಸುತ್ತಿದ್ದೇವೆ. ಆದರೆ ಬೆಳಗಿನ ಮಿಸ್ಸಿಂಗ್, ಬಿಳಿ ಹೊಗೆ ಹಾಗೇ ಇದೆ.

ಸಕಲೇಶಪುರದಿಂದ:
ಹಾಗಾದರೆ ಅದು ಬೇರೆ ರೋಗ. ಐಡಲ್‌ನಲ್ಲಿ ಮಿಸ್ ಹೊಡೆಯುತ್ತಿರುವಾಗಲೇ ನಾಜಲ್ ಪೈಪಿನ ನಟ್ ಒಂದೊಂದಾಗಿ ಸ್ವಲ್ಪ ಲೂಸ್ ಮಾಡಿ ಬಿಗಿಸಿ. ಬಟ್ಟೆ ಸುತ್ತಿಕೊಳ್ಳಿ, ಬರಿಗೈ ಹತ್ತಿರ ಒಯ್ಯಬೇಡಿ. ಯಾವುದನ್ನು ಲೂಸ್ ಮಾಡಿದರೂ ಇಂಜಿನ್ ಸದ್ದು ಬದಲಾಗಲ್ಲವೋ ಆ ಸಿಲಿಂಡರ್ ಕೆಲಸ ಮಾಡ್ತಿಲ್ಲ. ಅದರ ನಾಜಲ್ ಪಕ್ಕದ್ದಕ್ಕೆ ಬದಲಿಸಿ. ಮಿಸ್ಸಿಂಗ್ ಆ ನಾಜಲ್ ಜೊತೆಗೇ ಪಕ್ಕದ ಸಿಲಿಂಡರ್‌ಗೆ ಹೋದರೆ ತೊಂದರೆ ನಾಜಲ್‌ನದು, ಹೋಗದಿದ್ದರೆ ಟ್ಯಾಪೆಟ್ ಗ್ಯಾಪ್ (ವಾಲ್ವ್ ಒತ್ತುವ ಭಾಗದ ಸಂದು) ನೋಡಿಸಿ, ಆಮೇಲೆ ಕಂಪ್ರೆಷನ್ (ಸಿಲಿಂಡರ್ ಒಳಗೆ ಗಾಳಿ ಒತ್ತುವ ಬಲ) ಚೆಕ್. ಇದನ್ನು ಓದುವ ಬೇರೆಯವರಿಗೆ: ಸಿಆರ್‌ಡಿಐ, ಅಂದ್ರೆ ಹೊಸ ಥರದ ಕಾಮನ್ ರೈಲ್ ಡೀಸೆಲ್ ಇಂಜಿನ್‌ನಲ್ಲಿ ಈ ನಟ್ ಮುಟ್ಟಲೇಬೇಡಿ. ಅದರಲ್ಲಿ ಪ್ರೆಶರ್ 1000 ಬಾರ್ ದಾಟುತ್ತೆ, ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತೆ.

ಮತ್ತೆ ಟ್ಯಾಂಕ್ ತೊಳೆದ ಮೇಲೆ ಪೂರ್ತಿ ಒಣಗಿಸಿ, ಹೊಸ ಫಿಲ್ಟರ್ ಹಾಕಿ. ಬ್ಯಾರೆಲ್ ಡೀಸೆಲ್ ಪಂಪ್‌ಸೆಟ್‌ಗೇ ಇರಲಿ, ಅದನ್ನೂ ಸೋಸಿ ಹಾಕಿ.